ಬ್ರಾಡ್‌ಬ್ಯಾಂಡ್ ಲೈನಿಗೆ ಟೆಸ್ಟರ್ ಹಚ್ಚಿದ್ದೇನೆ, ಈ ಅಂಕಿಗಳನ್ನು ಹೇಗೆ ಓದೋದು?

ತೋಟದಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಫೈಬರ್ ಇನ್ನೂ ನಮ್ಮ ದಾರಿಗೆ ಬಂದಿಲ್ಲ. ಮೊಬೈಲ್ ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು. ಇರೋದು ಹಳೇ ತಾಮ್ರದ ಲ್ಯಾಂಡ್‌ಲೈನ್, ಅದರ ಮೇಲೆ ಎಡಿಎಸ್‌ಎಲ್2+ ಬ್ರಾಡ್‌ಬ್ಯಾಂಡ್, 4 ಎಂಬಿಪಿಎಸ್ ಪ್ಲಾನ್. ಮಳೆಗಾಲಕ್ಕೆ ಮುಂಚೆ ಪೂರ್ತಿ 4 ಬರ್ತಿತ್ತು. ಈಗ ಅರ್ಧಕ್ಕೆ ಇಳಿದಿದೆ, ಅದೂ ನಡುನಡುವೆ ಕಡಿದುಹೋಗ್ತದೆ. ದೂರು ಕೊಟ್ಟಾಗೆಲ್ಲ "ಇಲ್ಲಿಂದ ಸರಿ ಕಾಣ್ತಿದೆ, ಮೋಡೆಮ್ ಆಫ್ ಮಾಡಿ ಆನ್ ಮಾಡಿ" ಅಂತಾರೆ.

ಹಾಗಾಗಿ ಪರಿಚಯದವರ ಕಡೆಯಿಂದ ಒಂದು ಸೆಕೆಂಡ್‌ಹ್ಯಾಂಡ್ ಎಡಿಎಸ್‌ಎಲ್ ಟೆಸ್ಟರ್ ತಗೊಂಡೆ. ಕೈಯಲ್ಲಿ ಹಿಡಿಯೋದು, ಚೀನಾದ್ದು. ಮಲ್ಟಿಮೀಟರ್ ಇದೆ, ತಾನೇ ಮೋಡೆಮ್ ಆಗಿ ಲೈನಿಗೆ ಸಿಂಕ್ ಆಗೋ ಮೋಡ್ ಇದೆ, ಟೋನ್ ಗ್ರಾಫ್ ತೋರಿಸ್ತದೆ. ಟಿಡಿಆರ್ (ದೋಷ ಎಷ್ಟು ದೂರದಲ್ಲಿದೆ ಅಂತ ಅಳೆಯೋದು) ಇಲ್ಲ. ರೋಸೆಟ್ (ಹೊರಗಿನ ಫೋನ್ ವೈರ್ ಮನೆಗೆ ಬಂದು ಸೇರೋ ಡಬ್ಬಿ) ಹತ್ತಿರ ಹಚ್ಚಿದಾಗ ಬಂದದ್ದು:

ಡೌನ್ ಸಿಂಕ್ (ಲೈನ್ ಕೂಡಿಕೊಂಡ ವೇಗ) 2,144 ಕೆಬಿಪಿಎಸ್
ಎಸ್‌ಎನ್‌ಆರ್ ಮಾರ್ಜಿನ್ (ಗದ್ದಲ ತಡೆಯೋಕೆ ಉಳಿದಿರೋ ಅಂತರ) 6 ಡಿಬಿ, ರಾತ್ರಿ ಹೊತ್ತು 3ಕ್ಕೂ ಇಳೀತದೆ
ಡೌನ್ ಅಟೆನ್ಯುಯೇಶನ್ (ದಾರಿಯಲ್ಲಿ ಸಿಗ್ನಲ್ ಕುಗ್ಗಿದ್ದು) 43 ಡಿಬಿ
ಸಿಆರ್‌ಸಿ (ತಪ್ಪಾಗಿ ಬಂದ ಡೇಟಾದ ಲೆಕ್ಕ) ನಿಲ್ಲದೆ ಏರ್ತಾ ಇದೆ
ಡಿಸಿ: ಫೋನ್ ಕೆಳಗಿಟ್ಟಾಗ 49 ವೋಲ್ಟ್, ಎತ್ತಿದಾಗ 7
ಎಸಿ: ಒಂದು ತಂತಿಯಿಂದ ಅರ್ತ್‌ಗೆ 3.1 ವೋಲ್ಟ್, ಇನ್ನೊಂದರಿಂದ 1.2

ಎಕ್ಸ್‌ಚೇಂಜ್ ಕೇಬಲ್ ದಾರಿಯಲ್ಲಿ ಸುಮಾರು 2.6 ಕಿಲೋಮೀಟರ್. ಇದರಲ್ಲಿ ಯಾವುದು ಮುಖ್ಯ, ಯಾವುದನ್ನು ಬಿಡಬಹುದು?

ಫೈಬರ್‌ಪ್ರಿಯ

ಇಷ್ಟೆಲ್ಲ ಯಾಕೆ ಸ್ವಾಮಿ? ಊರಿನವರು ನಾಲ್ಕೈದು ಮನೆ ಸೇರಿ ಅರ್ಜಿ ಹಾಕಿ, ಲೋಕಲ್ ಕೇಬಲ್ ಆಪರೇಟರ್ ಫೈಬರ್ ಎಳೀತಾನೆ. ತಾಮ್ರ ಸತ್ತಾಯ್ತು. ಟೆಸ್ಟರ್‌ಗೆ ಕೊಟ್ಟ ದುಡ್ಡಲ್ಲಿ ಕೆಲವು ತಿಂಗಳ ಫೈಬರ್ ಬಿಲ್ ಕಟ್ಟಬಹುದಿತ್ತು.

ತೋಟದಮನೆ

ಅರ್ಜಿ ಹಾಕಿದ್ದೇವೆ. ಮುಖ್ಯರಸ್ತೆಯಿಂದ ನಮ್ಮ ಕೇರಿಗೆ ಕಂಬ ಕಾಡಿನ ಒಳಗಿಂದ ಬರಬೇಕು. ಬರುವವರೆಗೆ ಮಗಳ ಕ್ಲಾಸು, ನನ್ನ ಕೆಲಸ ಇದರ ಮೇಲೇ ನಡೀಬೇಕಲ್ಲ ಮಾರಾಯ್ರೇ.

ಟೋನ್‌ಮ್ಯಾಪ್

2023ರ ಜನವರಿಯಿಂದ ಸರ್ಕಾರದ ವ್ಯಾಖ್ಯೆ ಪ್ರಕಾರ ಕನಿಷ್ಠ 2 ಎಂಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. 2004ರ ನೀತಿಯಲ್ಲಿ 256 ಕೆಬಿಪಿಎಸ್ ಸಾಕಿತ್ತು, 2013ರಲ್ಲಿ 512 ಆಯ್ತು. ನಿಮ್ಮ 2,144 ಕಾಗದದ ಮೇಲೆ ಈಗಲೂ ಪಾಸ್! 🙂

ಇನ್ನು ವಿಷಯಕ್ಕೆ ಬರ್ತೀನಿ. ಈ ಪಟ್ಟಿಯಲ್ಲಿ ಎಲ್ಲರ ಕಣ್ಣು ಹೋಗೋದು ಸಿಂಕ್ ಸ್ಪೀಡಿನ ಮೇಲೆ. ನನಗೆ ಎದ್ದು ಕಂಡದ್ದು 43 ಡಿಬಿ. 0.5 ಮಿಲಿಮೀಟರ್ ತಾಮ್ರದ ಜೋಡಿಯಲ್ಲಿ ಎಡಿಎಸ್‌ಎಲ್ ಸಿಗ್ನಲ್ ಕಿಲೋಮೀಟರಿಗೆ ಸುಮಾರು 13.8 ಡಿಬಿ ಕುಗ್ಗುತ್ತೆ ಅನ್ನೋದು ಚಾಲ್ತಿಯಲ್ಲಿರೋ ಲೆಕ್ಕ. 2.6 ಕಿಲೋಮೀಟರಿಗೆ 36 ಆಗಬೇಕು. ನಿಮ್ಮಲ್ಲಿ 7 ಡಿಬಿ ಹೆಚ್ಚಿಗೆ ಇದೆ. ಕೇಬಲ್ 0.4 ಮಿಲಿಮೀಟರ್ ಆಗಿದ್ದರೆ ಕುಗ್ಗುವಿಕೆ ಜಾಸ್ತಿ ಇರುತ್ತೆ, ಆದರೆ ಮಳೆಗಾಲದ ಮುಂಚೆ ಇದೇ ಲೈನ್ ಪೂರ್ತಿ 4 ಕೊಡ್ತಿತ್ತು ಅಂತೀರಿ. ಕೇಬಲ್ ಅಂತೂ ಮಳೆಯಲ್ಲಿ ಸಣ್ಣ ಆಗಿಲ್ಲ.

ಎರಡನೇದು, ಎರಡು ತಂತಿಯ ಎಸಿ ವೋಲ್ಟೇಜ್ ಬೇರೆ ಬೇರೆ ಇರೋದು. ಪಕ್ಕದ ಕರೆಂಟ್ ಲೈನಿನಿಂದ ಫೋನ್ ಜೋಡಿಗೆ ಒಂದಿಷ್ಟು ವೋಲ್ಟೇಜ್ ಬಂದೇ ಬರುತ್ತೆ. ಅದು ಎರಡೂ ತಂತಿಗೆ ಸಮ ಬಂದರೆ ಮೋಡೆಮಿಗೆ ಕಾಣೋದೇ ಇಲ್ಲ, ಯಾಕಂದ್ರೆ ಮೋಡೆಮ್ ನೋಡೋದು ಎರಡರ ನಡುವಿನ ವ್ಯತ್ಯಾಸ ಮಾತ್ರ. 3.1 ಮತ್ತು 1.2 ಅಂದ್ರೆ ಜೋಡಿಯ ಒಂದು ಕಾಲು, ಅಂದ್ರೆ ಒಂದು ತಂತಿ, ಕುಂಟ್ತಾ ಇದೆ. ಆ ವ್ಯತ್ಯಾಸವೇ ಗದ್ದಲವಾಗಿ ಒಳಗೆ ಬರುತ್ತೆ.

ಟೋನ್ ಗ್ರಾಫ್‌ನ ಫೋಟೋ ಹಾಕಿ.

ಹಳೇ ಜಾಯಿಂಟರ್

ಮೇಲಿನವರು ಹೇಳಿದ್ದು ಸರಿ ಇದೆ. ನಾನು ಕೇಬಲ್ ಜಾಯಿಂಟ್ ಮಾಡ್ತಾ ಸರ್ವಿಸ್ ಮುಗಿಸಿದವನು, ಗ್ರಾಫ್ ಓದೋಕೆ ಬರೋದಿಲ್ಲ. ಕೆಲವು ಪ್ರಶ್ನೆ ಕೇಳ್ತೀನಿ, ಉತ್ತರ ಕೊಡಿ.

ಫೋನ್ ಎತ್ತಿ ಒಂದು ಅಂಕಿ ಒತ್ತಿ ಡಯಲ್ ಟೋನ್ ನಿಲ್ಲಿಸಿ, ಸುಮ್ಮನೆ ಕೇಳಿ. ಕರಕರ ಶಬ್ದ ಬರ್ತದಾ? ಮನೇಲಿ ಇನ್ನೊಂದು ಫೋನಿಗೆ ಪ್ಯಾರಲಲ್ ಎಳೆದಿದ್ದೀರಾ, ಹಳೇದಾದ್ರೂ ಸರಿ? ಮಾತನ್ನೂ ನೆಟ್ಟನ್ನೂ ಬೇರೆ ಮಾಡೋ ಸ್ಪ್ಲಿಟರ್ ಎಲ್ಲಿದೆ, ಅದಕ್ಕಿಂತ ಮುಂಚೆ ಯಾವುದಾದ್ರೂ ವೈರು ಕವಲೊಡೆದಿದೆಯಾ? ಕೊನೇದು ಬಹಳ ಮುಖ್ಯ: ಯಾರಾದ್ರೂ ಫೋನಲ್ಲಿ ಮಾತಾಡ್ತಾ ಇದ್ದಾಗ ನೆಟ್ ಕೆಡ್ತದಾ, ಸುಧಾರಿಸ್ತದಾ?

ತೋಟದಮನೆ

ಹಿರಿಯರೇ, ಕರಕರ ಹೌದು, ಅದರಲ್ಲೂ ಬೆಳಿಗ್ಗೆ. ಪ್ಯಾರಲಲ್ ಇದೆ: ಅಪ್ಪ ರಸ್ತೆ ಬದಿಯ ಅಂಗಡಿಗೆ ಎಳೆಸಿದ್ದು. ಅಂಗಡಿ ಮುಚ್ಚಿ ಕಾಲವಾಯ್ತು, ಅಲ್ಲಿ ಫೋನ್ ಇಲ್ಲ, ವೈರ್ ಮಾತ್ರ ಹಾಗೇ ಇದೆ. ಸ್ಪ್ಲಿಟರ್ ನಡುಮನೆಯಲ್ಲಿ. ಅಂಗಡಿ ವೈರ್ ಅದಕ್ಕಿಂತ ಮುಂಚೆ, ಜಗಲಿಯ ರೋಸೆಟ್‌ನಲ್ಲೇ ಸೇರಿಕೊಂಡಿದೆ.

ಕೊನೇ ಪ್ರಶ್ನೆಗೆ ಉತ್ತರ ವಿಚಿತ್ರ. ಅಮ್ಮ ಫೋನಲ್ಲಿ ಕೂತರೆ ನೆಟ್ ಕಡಿಯೋದೇ ಇಲ್ಲ! ಮಗಳ ಪರೀಕ್ಷೆ ಹೊತ್ತಿಗೆ "ಅಜ್ಜಿ, ದೊಡ್ಡಮ್ಮನಿಗೆ ಫೋನ್ ಮಾಡು" ಅನ್ನೋದು ನಮ್ಮಲ್ಲಿ ರೂಢಿ ಆಗಿಬಿಟ್ಟಿದೆ.

ಗ್ರಾಫ್ ಫೋಟೋ ಹಾಕಿದ್ದೇನೆ. ಮಸುಕಾಗಿದೆ, ಬಾಯಲ್ಲೇ ಹೇಳ್ತೇನೆ: ಟೋನ್ 218ರಿಂದ 245ರ ತನಕ ಪೂರ್ತಿ ಖಾಲಿ, ನಡುವೆ ಆಳ, ಅಂಚಿನಲ್ಲಿ ಇಳಿಜಾರು. 177ರ ಆಸುಪಾಸು ಮೂರು ನಾಲ್ಕು ಟೋನಿನಷ್ಟು ಸಣ್ಣ ಸೀಳು. 300 ದಾಟಿದ ಮೇಲೆ ಹೆಚ್ಚೇನೂ ಇಲ್ಲ.

ಹಳೇ ಜಾಯಿಂಟರ್

ಅಮ್ಮನೇ ಟೆಸ್ಟ್ ಮಾಡಿ ಕೊಟ್ಟಿದ್ದಾರೆ ನೋಡಿ. ಇದು ಎಚ್‌ಆರ್ ಫಾಲ್ಟ್, ಅಂದ್ರೆ ಜಾಯಿಂಟಿನಲ್ಲಿ ರೆಸಿಸ್ಟೆನ್ಸ್ ಏರಿದೆ. ನೀರು ಹೋಗಿ ತಾಮ್ರದ ತುದಿಗೆ ಹಸಿರು ಕಿಲುಬು ಹಿಡಿದಿರ್ತದೆ. ಫೋನ್ ಎತ್ತಿದಾಗ ಲೈನಿನಲ್ಲಿ 20 ಮಿಲಿಆಂಪ್ ಆಸುಪಾಸು ಡಿಸಿ ಕರೆಂಟ್ ಹರೀತದೆ, ಅದು ಕಿಲುಬಿನ ಪದರವನ್ನು ದಾಟಿ ದಾರಿ ಮಾಡಿಕೊಳ್ತದೆ. ಫೋನ್ ಇಟ್ಟ ಮೇಲೆ ಆ ದಾರಿ ಮತ್ತೆ ಮುಚ್ಚಿಕೊಳ್ತದೆ. ಎಡಿಎಸ್‌ಎಲ್ ಸಿಗ್ನಲ್ಲಿಗೆ ಅಷ್ಟು ಶಕ್ತಿ ಇಲ್ಲ.

ಇದಕ್ಕೆ ಉಲ್ಟಾ, ಫೋನ್ ಎತ್ತಿದ ಕೂಡಲೇ ನೆಟ್ ಬಿದ್ದರೆ ಮೊದಲು ಸ್ಪ್ಲಿಟರ್ ಮೇಲೆ ಅನುಮಾನ ಪಡಬೇಕು.

ರೆಡಿಂಗ್ ಕನ್ನಡಿಗ

ಇಂಗ್ಲೆಂಡಿನಿಂದ ಬರೀತಿದ್ದೀನಿ. ನಮ್ಮ ಬೀದಿಯಲ್ಲಿ ಈಗಲೂ ಕ್ಯಾಬಿನೆಟ್ ತನಕ ಫೈಬರ್, ಅಲ್ಲಿಂದ ಮನೆಗೆ ತಾಮ್ರ, ಅದರ ಮೇಲೆ ವಿಡಿಎಸ್‌ಎಲ್2 (ಎಡಿಎಸ್‌ಎಲ್‌ನ ವೇಗದ ತಮ್ಮ). ಇಲ್ಲೂ ಇದೇ ಕಥೆ ಬಹಳ. ಅದೂ ಇಲ್ಲಿ ಹಳೇ ಫೋನ್ ವ್ಯವಸ್ಥೆಯನ್ನೇ 2027ರ ಜನವರಿಗೆ ಮುಚ್ಚುತ್ತಿದ್ದಾರೆ, ಡಯಲ್ ಟೋನ್ ಇಲ್ಲದ ಬರೀ ಬ್ರಾಡ್‌ಬ್ಯಾಂಡ್ ಲೈನ್ ಕೊಡ್ತಾರೆ. ಆ ಲೈನಿನಲ್ಲಿ ಮಾತಿನ ಡಿಸಿ ಕರೆಂಟೇ ಇಲ್ಲ, ಹಾಗಾಗಿ ಕಿಲುಬು ಹಿಡಿದ ಜಾಯಿಂಟಿಗೆ ಅಮ್ಮನ ಚಿಕಿತ್ಸೆಯೂ ಇಲ್ಲ.

ಒಂದು ಸಲಹೆ. ಇಲ್ಲಿ ಮುಖ್ಯ ಸಾಕೆಟ್‌ನ ಕೆಳಗಿನ ಮುಚ್ಚಳ ಬಿಚ್ಚಿದರೆ ಒಳಗೆ ಟೆಸ್ಟ್ ಸಾಕೆಟ್ ಇರುತ್ತೆ. ಮುಚ್ಚಳ ಬಿಚ್ಚಿದ ಕ್ಷಣವೇ ಮನೆಯೊಳಗಿನ ಎಲ್ಲ ವೈರು ಕಡಿದುಹೋಗುತ್ತೆ. ರೋಸೆಟ್‌ನಲ್ಲಿ ಆ ಸೌಕರ್ಯ ಇಲ್ಲ, ಆದರೆ ನೀವು ಕೈಯಾರೆ ಅದನ್ನೇ ಮಾಡಬಹುದು: ಒಳಗೆ ಹೋಗುವ ವೈರುಗಳನ್ನೆಲ್ಲ ಸ್ಕ್ರೂ ಸಡಿಲಿಸಿ ತೆಗೆದು, ಹೊರಗಿಂದ ಬರುವ ಡ್ರಾಪ್ ವೈರಿಗೆ ಮಾತ್ರ ಟೆಸ್ಟರ್ ಹಚ್ಚಿ. ತಪ್ಪು ಮನೆಯೊಳಗಿನದೋ ಹೊರಗಿನದೋ ಅಲ್ಲೇ ಗೊತ್ತಾಗುತ್ತೆ.

ಟೋನ್‌ಮ್ಯಾಪ್

ಗ್ರಾಫ್‌ನಲ್ಲಿ ಎರಡು ಬೇರೆ ಬೇರೆ ಜಾತಿಯ ಹಳ್ಳ ಇದೆ. ಬಿಡಿಸಿ ಹೇಳ್ತೀನಿ, ಟೆಸ್ಟರ್ ಇರೋ ಬೇರೆಯವರಿಗೂ ಬೇಕಾಗಬಹುದು.

ಎಡಿಎಸ್‌ಎಲ್ ಒಂದು ದೊಡ್ಡ ಸಿಗ್ನಲ್ ಕಳಿಸೋದಿಲ್ಲ. 4.3125 ಕಿಲೊಹರ್ಟ್ಸ್ ಅಂತರದಲ್ಲಿ ನೂರಾರು ಸಣ್ಣ ಟೋನ್‌ಗಳನ್ನು ಒಟ್ಟಿಗೆ ಕಳಿಸುತ್ತೆ. 1999ರ ಮೊದಲ ಎಡಿಎಸ್‌ಎಲ್ ಮಾನಕದಲ್ಲಿ 256 ಟೋನ್, 1.1 ಮೆಗಾಹರ್ಟ್ಸ್ ತನಕ. 2003ರ ಎಡಿಎಸ್‌ಎಲ್2+ ಅದನ್ನು 512 ಟೋನ್, 2.2 ಮೆಗಾಹರ್ಟ್ಸ್‌ಗೆ ಏರಿಸಿತು. ಪ್ರತಿ ಟೋನ್ ತನ್ನ ಜಾಗದಲ್ಲಿ ಗದ್ದಲ ಎಷ್ಟಿದೆ ನೋಡಿಕೊಂಡು 15 ಬಿಟ್ ತನಕ ಹೊರುತ್ತೆ, ಸೆಕೆಂಡಿಗೆ 4,000 ಸಲ. ಒಂದು ಬಿಟ್ ಹೆಚ್ಚಿಗೆ ಹೊರಬೇಕಂದ್ರೆ ಸುಮಾರು 3 ಡಿಬಿ ಹೆಚ್ಚು ಸಿಗ್ನಲ್ ಬೇಕು. ಟೆಸ್ಟರ್ ತೋರಿಸೋ ಕಂಬಗಳ ಸಾಲು ಅಂದ್ರೆ ಪ್ರತಿ ಟೋನ್ ಹೊತ್ತ ಬಿಟ್ ಎಷ್ಟು ಅನ್ನೋದು. ಸಿಂಕ್ ಸ್ಪೀಡ್ ಒಂದೇ ಅಂಕಿ, ಅದು ಏನನ್ನೂ ಹೇಳಲ್ಲ. ಈ ಸಾಲು ಎಲ್ಲಿ ನೋವಿದೆ ಅಂತ ಹೇಳುತ್ತೆ.

ಟೋನ್ 218–245ರ ಹಳ್ಳ ಅಗಲ, ಅಂಚು ಇಳಿಜಾರು. ಇದು ಬ್ರಿಡ್ಜ್ ಟ್ಯಾಪ್, ಅಂದ್ರೆ ಎಲ್ಲಿಗೂ ಹೋಗದ ಕವಲು. ಸಿಗ್ನಲ್ ಕವಲಿನ ತುದಿಗೆ ಹೋಗಿ, ಅಲ್ಲಿ ಏನೂ ಇಲ್ಲದ್ದಕ್ಕೆ, ಕಟ್ಟೆಗೆ ಬಡಿದ ಕಾಲುವೆ ನೀರಿನ ಹಾಗೆ ಹಿಂದಿರುಗುತ್ತೆ. ಕವಲಿನ ಉದ್ದ ತರಂಗದ ಕಾಲು ಭಾಗದಷ್ಟಿದ್ದರೆ ಹಿಂದಿರುಗಿದ ಸಿಗ್ನಲ್ ಸರಿಯಾಗಿ ತಲೆಕೆಳಗಾಗಿ ಬಂದು ಮೂಲವನ್ನೇ ಅಳಿಸಿಹಾಕುತ್ತೆ. ಹಳ್ಳದ ನಡು ಟೋನ್ 232. 232ನ್ನು 4.3125ರಿಂದ ಗುಣಿಸಿದರೆ ಸುಮಾರು 1,000 ಕಿಲೊಹರ್ಟ್ಸ್. ಕೇಬಲಿನಲ್ಲಿ ಸಿಗ್ನಲ್ ವೇಗ ಸೆಕೆಂಡಿಗೆ ಸರಿಸುಮಾರು 20 ಕೋಟಿ ಮೀಟರ್. ಅದನ್ನು 10 ಲಕ್ಷದಿಂದ ಭಾಗಿಸಿದರೆ ತರಂಗದ ಉದ್ದ 200 ಮೀಟರ್, ಕಾಲು ಭಾಗ 50 ಮೀಟರ್.

ಅಂಗಡಿ ಮನೆಯಿಂದ 50 ಮೀಟರ್ ದೂರ ಇದೆಯಾ?

ತೋಟದಮನೆ

ಅಂಗಳ ದಾಟಿ, ಗೇಟಿನ ಆಚೆ. ವೈರ್ ಬಳಸಿಕೊಂಡು ಹೋಗಿರೋದು ನೋಡಿದರೆ 50 ಮೀಟರ್ ಸರಿಯಾಗೇ ಇದೆ. ನೀವು ಬೆಂಗಳೂರಿನಲ್ಲಿ ಕೂತು ನಮ್ಮ ಅಂಗಳ ಅಳೆದಿರಲ್ಲ!

ಧಾರವಾಡ_765

ನಮಸ್ಕಾರ್ರಿ. ಟೋನ್ 177 ಅಂದ ಕೂಡ್ಲೆ ನಗು ಬಂತು ನೋಡ್ರಿ. ಅದು ನಿಮ್ಮ ಲೈನಿನ ದೋಷ ಅಲ್ಲ, ನಮ್ಮ ಧಾರವಾಡ ಆಕಾಶವಾಣಿ! 765 ಕಿಲೊಹರ್ಟ್ಸ್, 200 ಕಿಲೊವ್ಯಾಟಿನ ಮೀಡಿಯಂ ವೇವ್. 765ನ್ನ 4.3125ರಿಂದ ಭಾಗಿಸಿದ್ರ 177 ಚಿಲ್ಲರ ಬರ್ತೈತಿ. ನಾನು ಎಡಿಎಸ್‌ಎಲ್ ಇಟ್ಕೊಂಡಿದ್ದ ಕಾಲದಾಗ ನಮ್ಮ ಗ್ರಾಫಿನಾಗ ಆ ಸೀಳು ಅಲ್ಲ, ದೊಡ್ಡ ಕಂದಕಾನ ಇತ್ತು. ಕಂಬದ ಮ್ಯಾಲಿಂದ ಬರೂ ಡ್ರಾಪ್ ವೈರು ಏರಿಯಲ್ ಆಗಿಬಿಡ್ತೈತ್ರಿ.

ರಾತ್ರಿ ಮಾರ್ಜಿನ್ ಇಳಿತೈತಿ ಅಂದ್ರಲ್ಲ, ಅದಕ್ಕೂ ಇದರಾಗ ಒಂದು ಪಾಲು ಐತಿ. ಹೊತ್ತು ಮುಳುಗಿದ ಮ್ಯಾಲ ಮೀಡಿಯಂ ವೇವ್ ಆಕಾಶದ ಪದರಕ್ಕ ಬಡದು ನೂರಾರು ಮೈಲು ದೂರ ಹೋಗ್ತೈತಿ. ದೂರದ ಸ್ಟೇಷನ್ನೆಲ್ಲಾ ನಿಮ್ಮ ತಂತಿಗೆ ಬಂದು ಕುಂದರತಾವು. ಜೋಡಿ ಸಮತೋಲ ಇದ್ರ ಅಷ್ಟು ತ್ರಾಸ ಆಗಂಗಿಲ್ಲ. ಮೊದಲ ಕಾಲು ಸರಿ ಮಾಡ್ರಿ, ರೇಡಿಯೋನ ಬಿಟ್ಟುಬಿಡ್ರಿ.

ರೆಡಿಂಗ್ ಕನ್ನಡಿಗ

ಇದಕ್ಕೊಂದು ತಮಾಷೆ ಇದೆ. ಇಲ್ಲಿ ಮನೆಯೊಳಗಿನ ಗದ್ದಲದ ಮೂಲ ಹುಡುಕಲು ಸಣ್ಣ ಟ್ರಾನ್ಸಿಸ್ಟರ್ ರೇಡಿಯೊ ಹಿಡಿದು ಓಡಾಡ್ತಾರೆ. ಕೆಟ್ಟ ಅಡಾಪ್ಟರ್, ಸೆಟ್‌ಟಾಪ್ ಬಾಕ್ಸ್, ಎಲ್‌ಇಡಿ ಬಲ್ಬ್ ಹತ್ತಿರ ಹೋದಂತೆ ಝುಂಯ್ ಅನ್ನುತ್ತೆ. ಮೀಡಿಯಂ ವೇವ್ 612 ಕಿಲೊಹರ್ಟ್ಸ್‌ಗೆ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ, ಇಲ್ಲಿ ಅದು ಖಾಲಿ ಜಾಗ. ರಜೆಗೆ ಬೆಂಗಳೂರಿಗೆ ಬಂದಾಗ ಅಣ್ಣನ ಮನೆಯಲ್ಲಿ ಅದನ್ನೇ ಮಾಡಲು ಹೋದರೆ ಜೋರಾಗಿ ವಾರ್ತೆ ಬಂತು. ಬೆಂಗಳೂರು ಆಕಾಶವಾಣಿ ಇರೋದೇ 612ರಲ್ಲಿ! ನೀವು ಸ್ಟೇಷನ್ ಇಲ್ಲದ ಜಾಗ ಹುಡುಕಿಕೊಂಡು ಇಟ್ಟುಕೊಳ್ಳಿ.

ತೋಟದಮನೆ

ಅಂಗಡಿ ವೈರನ್ನು ರೋಸೆಟ್‌ನಿಂದಲೇ ಬಿಚ್ಚಿದೆ. 218–245ರ ಹಳ್ಳ ತುಂಬಿಕೊಂಡಿತು! ಅಲ್ಲಿ ಈಗ ಪ್ರತಿ ಟೋನ್ ಮೂರು, ನಾಲ್ಕು, ಐದು ಬಿಟ್ ಹೊರ್ತಾ ಇದೆ. ಸಿಂಕ್ 2,560. ಆದರೆ ಅಟೆನ್ಯುಯೇಶನ್ 43ರಲ್ಲೇ ಇದೆ, ಸಿಆರ್‌ಸಿ ನಿಂತಿಲ್ಲ, ಎಸಿ ವೋಲ್ಟೇಜ್ ವ್ಯತ್ಯಾಸವೂ ಹಾಗೇ ಇದೆ. ಮನೆ ವೈರೆಲ್ಲ ತೆಗೆದು ಬರೀ ಡ್ರಾಪ್ ವೈರಿಗೆ ಹಚ್ಚಿದರೂ ಅದೇ.

ಟೋನ್‌ಮ್ಯಾಪ್

ಲೆಕ್ಕ ಕೂಡಿ ಬಂತು. 28 ಟೋನ್, ಸರಾಸರಿ 4 ಬಿಟ್, ಸೆಕೆಂಡಿಗೆ 4,000 ಸಲ: ಸುಮಾರು 450 ಕೆಬಿಪಿಎಸ್. ಅಂಗಡಿ ವೈರು ತಿನ್ನುತ್ತಿದ್ದುದು ಅಷ್ಟು.

ಉಳಿದ 7 ಡಿಬಿ ಹೊರಗಿದೆ. 100 ಓಮ್ ವ್ಯವಸ್ಥೆಯ ನಡುವೆ ಸರಣಿಯಲ್ಲಿ ಒಂದು ರೆಸಿಸ್ಟೆನ್ಸ್ ಸೇರಿ 7 ಡಿಬಿ ನಷ್ಟ ಆಗಬೇಕಂದ್ರೆ ಅದು ಹತ್ತಿರಹತ್ತಿರ 250 ಓಮ್ ಇರಬೇಕು. ಕಿಲುಬು ಹಿಡಿದ ಜಾಯಿಂಟ್ ಪುಸ್ತಕದ ರೆಸಿಸ್ಟರ್ ಥರ ನಡೆದುಕೊಳ್ಳಲ್ಲ, ಆದರೂ ಅಂದಾಜಿಗೆ ಸಾಕು. 0.5 ಮಿಲಿಮೀಟರ್ ಜೋಡಿಯ ಲೂಪ್ ರೆಸಿಸ್ಟೆನ್ಸ್ (ಹೋಗಿ ಬರೋ ಎರಡೂ ತಂತಿ ಸೇರಿ) ಕಿಲೋಮೀಟರಿಗೆ ಸುಮಾರು 175 ಓಮ್. 2.6 ಕಿಲೋಮೀಟರಿಗೆ 455. ನಿಮ್ಮ ಲೈನ್ ಅಳೆದರೆ 700ರ ಹತ್ತಿರ ಬರಬಹುದು ಅಂತ ನನ್ನ ಊಹೆ.

ಹಳೇ ಜಾಯಿಂಟರ್

ಅಳೆಯೋದಕ್ಕೆ ಮುಂಚೆ ಎಚ್ಚರಿಕೆ. 49 ವೋಲ್ಟ್ ಇರೋ ಲೈನಿಗೆ ಓಮ್ ಮೋಡ್ ಹಾಕಬೇಡಿ. ಅಂಕಿ ಸುಳ್ಳು ಬರ್ತದೆ, ಮೀಟರ್ ಸುಟ್ಟರೂ ಸುಡಬಹುದು. ಎಕ್ಸ್‌ಚೇಂಜಿನ ಎಂಡಿಎಫ್‌ನಲ್ಲಿ (ಹೊರಗಿನ ಕೇಬಲೆಲ್ಲ ಬಂದು ಸೇರೋ ಚೌಕಟ್ಟು) ನಿಮ್ಮ ಜೋಡಿಯನ್ನು ಸ್ವಿಚ್ಚಿನಿಂದ ಬಿಡಿಸಿ, ಅಲ್ಲಿ ಎರಡೂ ತಂತಿ ಶಾರ್ಟ್ ಮಾಡಬೇಕು. ಆಮೇಲೆ ಮನೆ ಕಡೆಯಿಂದ ಅಳೆದರೆ ಪೂರ್ತಿ ಲೂಪ್. ಶಾರ್ಟ್ ತೆಗೆದು ಇನ್ಸುಲೇಶನ್ ನೋಡಿ: ತಂತಿಯಿಂದ ತಂತಿಗೆ, ಒಂದೊಂದರಿಂದ ಅರ್ತ್‌ಗೆ. ಹಲವು ಮೆಗಓಮ್ ಇದ್ದರೆ ಒಳ್ಳೇದು. ಒಂದು ಮೆಗಓಮ್‌ಗಿಂತ ಕೆಳಗಿದ್ದರೆ ನೀರು ಕೂತಿದೆ. ಆದರೆ ಎಂಡಿಎಫ್‌ನಲ್ಲಿ ಸಿಡಿಲಿನಿಂದ ಕಾಪಾಡೋಕೆ ಇರೋ ಐಪಿಎಂ ಮಾಡ್ಯೂಲನ್ನು ತೆಗೆದೇ ನೋಡಬೇಕು. ಸಿಡಿಲು ಹೊಡೆಸಿಕೊಂಡ ಐಪಿಎಂ ಒಳಗೊಳಗೇ ಲೀಕ್ ಆಗಿ, ಇಡೀ ಕೇಬಲನ್ನು ಅನುಮಾನಿಸೋ ಹಾಗೆ ಮಾಡ್ತದೆ. ಅದನ್ನು ನೋಡದೆ ರಸ್ತೆ ಅಗೆಸಿದವರಿದ್ದಾರೆ.

ರಿಂಗ್ ಬರೋ ಹೊತ್ತಿಗೆ ಬರಿಗೈಲಿ ತಂತಿ ಮುಟ್ಟಬೇಡಿ, 75 ವೋಲ್ಟ್ ಎಸಿ ಇರ್ತದೆ. ಗುಡುಗು ಇದ್ದರೆ ಟೆಸ್ಟರ್ ಪೆಟ್ಟಿಗೆಯಲ್ಲಿರಲಿ. ನಿಮ್ಮ ಕಡೆಯ ಮಳೆ ಗೊತ್ತಲ್ಲ.

ಫೈಬರ್‌ಪ್ರಿಯ

ಅಷ್ಟೆಲ್ಲ ಕಾಯೋ ಬದಲು ರಸ್ತೆ ಬದಿಯ ಪಿಲ್ಲರ್ (ಕೇಬಲ್ ಹಂಚೋ ಪೆಟ್ಟಿಗೆ) ಬಾಗಿಲು ತೆಗೆದು ತಾವೇ ನೋಡಿಕೊಂಡರಾಯ್ತು. ನಮ್ಮೂರಲ್ಲಿ ಪಿಲ್ಲರಿಗೆ ಬೀಗವೇ ಇರಲಿಲ್ಲ, ದನ ಮೈ ಉಜ್ಜಿಕೊಳ್ತಿದ್ದವು.

ಹಳೇ ಜಾಯಿಂಟರ್

ಬೇಡ. ಬೀಗ ಇಲ್ಲ ಅಂದ ಮಾತ್ರಕ್ಕೆ ಅದು ಕಂಪನಿ ಸ್ವತ್ತು ಅಲ್ಲ ಅಂತಾಗಲ್ಲ. ನೂರಾರು ಜೋಡಿಯ ನಡುವೆ ಕೈ ಹಾಕಿ ಪಕ್ಕದ ಊರಿನ ಆಸ್ಪತ್ರೆ ಲೈನ್ ಕಡಿದರೆ ಯಾರು ಜವಾಬ್ದಾರಿ? ಗಿರಾಕಿ ಟೆಸ್ಟರ್ ಹಚ್ಚೋದು ತನ್ನ ರೋಸೆಟ್ ತನಕ. ಅದರಾಚೆ ಲೈನ್‌ಮನ್ ಜೊತೆ ಹೋಗಿ.

ನಿಮ್ಮ ಹತ್ತಿರ ಇರೋ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. "ನೆಟ್ ಸ್ಲೋ" ಅಂದರೆ ಅವನಿಗೆ ದಿನಕ್ಕೆ ಬರೋ ಎಷ್ಟೋ ದೂರಿನಲ್ಲಿ ಇದೂ ಒಂದು. "ಲೈನ್ ಅನ್‌ಬ್ಯಾಲೆನ್ಸ್ ಇದೆ, ಫೋನ್ ಎತ್ತಿದರೆ ಸರಿ ಹೋಗ್ತದೆ, ಮನೆ ವೈರ್ ಬಿಚ್ಚಿ ನೋಡಿದ್ದೇನೆ" ಅಂದರೆ ಕೆಲಸ ಗೊತ್ತಿರೋ ಯಾವ ಲೈನ್‌ಮನ್ನೂ ಸೀದಾ ಜಾಯಿಂಟಿನ ಕಡೆ ಹೋಗ್ತಾನೆ.

ಮಂಜ್ರಾಬಾದ್

ನಡುವೆ ಬಂದಿದ್ದಕ್ಕೆ ಕ್ಷಮಿಸಿ, ನಮ್ಮದು ಸಕಲೇಶಪುರ ಕಡೆ ಕಾಫಿ ತೋಟ. ಅಟೆನ್ಯುಯೇಶನ್ 28, ಲೂಪ್ ಸರಿ ಇದೆ, ಎರಡೂ ಕಾಲಿನ ಎಸಿ ಸಮ ಇದೆ. ಹಗಲು ಒಂದೇ ಒಂದು ಎರರ್ ಇಲ್ಲ. ಸಂಜೆ ಆರರಿಂದ ಬೆಳಿಗ್ಗೆ ಆರರ ತನಕ ಸಿಆರ್‌ಸಿ. ಮೋಡೆಮ್ ಪುಟದಲ್ಲಿ 15 ನಿಮಿಷಕ್ಕೊಂದು ಎರರ್ಡ್ ಸೆಕೆಂಡ್ (ತಪ್ಪು ಕಂಡ ಸೆಕೆಂಡ್) ಲೆಕ್ಕ ಬರುತ್ತೆ, ರಾತ್ರಿಯಲ್ಲಿ ಅದು 890 ಆಸುಪಾಸು. ಇದೂ ರೇಡಿಯೋನಾ ಸಾರ್?

ಟೋನ್‌ಮ್ಯಾಪ್

15 ನಿಮಿಷ ಅಂದ್ರೆ 900 ಸೆಕೆಂಡ್. 890 ಅಂದ್ರೆ ಹೆಚ್ಚುಕಮ್ಮಿ ಪ್ರತಿ ಸೆಕೆಂಡಿಗೆ ಒಂದು ಹೊಡೆತ ಬೀಳ್ತಾ ಇದೆ. ರೇಡಿಯೊ ಆಗಿದ್ದರೆ ಗ್ರಾಫ್‌ನಲ್ಲಿ ಒಂದು ಜಾಗದಲ್ಲಿ ಸೀಳು ಕಾಣಬೇಕು, ಹೀಗೆ ಗಡಿಯಾರದ ಲೆಕ್ಕದಲ್ಲಿ ಬರಲ್ಲ. ಆನೆ, ಕಾಡುಹಂದಿಗೆ ಅಂತ ಸೋಲಾರ್ ಬೇಲಿ ಹಾಕಿದ್ದೀರಾ? ಅದು ಸುಮಾರು ಸೆಕೆಂಡಿಗೊಂದು ಹೊಡೆತ ಬಿಡುತ್ತೆ.

ಮಂಜ್ರಾಬಾದ್

ನಮ್ಮದಲ್ಲ, ಪಕ್ಕದ ತೋಟದವರದ್ದು ಇದೆ. ಸಂಜೆ ಆನ್ ಮಾಡ್ತಾರೆ. ಅಯ್ಯೋ! ಫೋನಲ್ಲಿ ರಾತ್ರಿ ಟಕ್ ಟಕ್ ಅಂತ ಬರೋದೂ ಅದೇನಾ?

ಹಳೇ ಜಾಯಿಂಟರ್

ಅದೇ. ಸಂಶಯವೇ ಬೇಡ.

ತೋಟದಮನೆ

ಲೈನ್‌ಮನ್ ಬಂದರು. ಚೀಟಿ ನೋಡಿ ನಕ್ಕರು, ಆಮೇಲೆ ಕೂತು ಓದಿದರು. ಎಕ್ಸ್‌ಚೇಂಜಿನಲ್ಲಿದ್ದವರಿಗೆ ಫೋನ್ ಮಾಡಿ ಎಂಡಿಎಫ್‌ನಲ್ಲಿ ಬಿಡಿಸಿ ಶಾರ್ಟ್ ಮಾಡಿಸಿದರು. ಮನೆಯಿಂದ ಲೂಪ್ 705 ಓಮ್, ಅದೂ ನಿಲ್ಲೋದಿಲ್ಲ, 690ಕ್ಕೂ 730ಕ್ಕೂ ನಡುವೆ ಆಡ್ತದೆ. ಟೋನ್‌ಮ್ಯಾಪ್ ಸರ್ ಊಹೆಗೆ ದೊಡ್ಡ ನಮಸ್ಕಾರ.

ಅವರ ಜೊತೆ ಪಿಲ್ಲರಿಗೂ ಹೋದೆ. ಎಕ್ಸ್‌ಚೇಂಜಿನಿಂದ ಪಿಲ್ಲರಿಗೆ ಒಂದೂವರೆ ಕಿಲೋಮೀಟರ್, ಅಲ್ಲಿ 265 ಓಮ್ ಸ್ಥಿರವಾಗಿ ನಿಂತಿತು. ಅಂದ್ರೆ ಆ ಕಡೆ ಸರಿ. ಆಮೇಲೆ ನಮ್ಮ ಡಿಪಿ (ಮನೆಮನೆಗೆ ಜೋಡಿ ಹಂಚೋ ಡಬ್ಬಿ) ಇರೋ ಕಂಬದ ಹತ್ತಿರ ಡ್ರಾಪ್ ವೈರ್ ಬಿಚ್ಚಿ ಅಳೆದರು, ಆಟ ಅಲ್ಲೂ ಇತ್ತು. ಪಿಲ್ಲರಿಗೂ ಡಿಪಿಗೂ ನಡುವಿನ 900 ಮೀಟರಿನಲ್ಲಿ ಹಳ್ಳದ ಮೋರಿ ಪಕ್ಕ ಒಂದು ಹಳೇ ಜಾಯಿಂಟ್ ಇದೆಯಂತೆ. ರಸ್ತೆ ಅಗಲ ಮಾಡಿದಾಗ ಅದು ಮಣ್ಣಿನಡಿ ಹೋಗಿದೆ. ಅಗೆಯೋಕೆ ಮೇಲಿನವರ ಒಪ್ಪಿಗೆ ಬೇಕು ಅಂದರು. ಡಿಪಿಯಲ್ಲಿ ಖಾಲಿ ಜೋಡಿ ಒಂದಿತ್ತು, ಅಳೆದರು, ಲೂಪ್ ಸರಿ, ಇನ್ಸುಲೇಶನ್ ಸರಿ. ಪಿಲ್ಲರ್ ಕಡೆಯೂ ಡಿಪಿ ಕಡೆಯೂ ಜಂಪರ್ ಬದಲಿಸಿ ಅದಕ್ಕೆ ಹಾಕಿಕೊಟ್ಟರು.

ಈಗ:
ಸಿಂಕ್ 4,096 ಕೆಬಿಪಿಎಸ್
ಮಾರ್ಜಿನ್ 12.5 ಡಿಬಿ
ಅಟೆನ್ಯುಯೇಶನ್ 36.5 ಡಿಬಿ
ಎಸಿ: 2.0 ಮತ್ತು 1.9 ವೋಲ್ಟ್
ಗರಿಷ್ಠ ಸಾಧ್ಯ ಅಂತ ಟೆಸ್ಟರ್ ತೋರಿಸೋದು 7,200

177ರ ಸೀಳು ಈಗಲೂ ಇದೆ, ಆದರೆ ಮೊದಲಿನಷ್ಟು ಆಳ ಇಲ್ಲ. ಒಂದು ಪ್ರಶ್ನೆ ಉಳೀತು. 7,200 ಸಾಧ್ಯ ಇದ್ದರೆ 4,096ಕ್ಕೇ ಯಾಕೆ ನಿಂತಿದೆ?

ಟೋನ್‌ಮ್ಯಾಪ್

ನಿಮ್ಮ ಪ್ಲಾನಿನ ಮಿತಿ. ಎಕ್ಸ್‌ಚೇಂಜ್ ಕಡೆಯ ಬ್ರಾಡ್‌ಬ್ಯಾಂಡ್ ಯಂತ್ರ ಡಿಎಸ್‌ಲ್ಯಾಮ್‌ನಲ್ಲಿ ನಿಮ್ಮ ಪೋರ್ಟಿನ ಪ್ರೊಫೈಲ್ 4,096ಕ್ಕೆ ಕಟ್ಟಿದೆ. ಮಿತಿ ಮುಟ್ಟಿದ ಮೇಲೆ ಲೈನ್ ಎಷ್ಟೇ ಒಳ್ಳೇದಾದರೂ ಸ್ಪೀಡ್ ಏರಲ್ಲ, ಉಳಿದ ಶಕ್ತಿಯೆಲ್ಲ ಮಾರ್ಜಿನ್ ಆಗಿ ಕಾಣುತ್ತೆ. ಮೊದಲು 6ಕ್ಕೆ ನಿಂತಿತ್ತಲ್ಲ, ಅದು ಲೈನ್ ತನ್ನ ಕೈಲಾದಷ್ಟೂ ಎಳೀತಿದ್ದ ಲಕ್ಷಣ. 12.5 ಇದ್ದರೆ ರಾತ್ರಿ ಎರಡು ಮೂರು ಡಿಬಿ ಇಳಿದರೂ ಲಿಂಕ್ ಬೀಳಲ್ಲ. ದೊಡ್ಡ ಪ್ಲಾನ್ ತಗೊಂಡರೆ 6 ಎಂಬಿಪಿಎಸ್ ತನಕ ಬರಬಹುದು, ಆದರೆ 7,200 ಅನ್ನೋದನ್ನು ಟೆಸ್ಟರಿನ ಆಶಾವಾದ ಅಂದುಕೊಳ್ಳಿ. ಅದರೊಳಗಿನ ಚಿಪ್ ಬೇರೆ, ನಿಮ್ಮ ಮೋಡೆಮಿನ ಚಿಪ್ ಬೇರೆ. ಒಂದೆರಡು ಡಿಬಿ ವ್ಯತ್ಯಾಸ ಇದ್ದೇ ಇರುತ್ತೆ.

ಹಳೇ ಜಾಯಿಂಟರ್

ಸಂತೋಷ. ಆದರೆ ಜೋಡಿ ಬದಲಿಸಿದ್ದು ಅಷ್ಟೇ, ಜಾಯಿಂಟ್ ಅಲ್ಲೇ ನೀರಲ್ಲಿದೆ. ಜೆಲ್ಲಿ ತುಂಬಿದ ಕೇಬಲ್ ಆಗಿದ್ದರೂ ಜಾಯಿಂಟಿನೊಳಗೆ ನೀರು ಹೋದರೆ ಒಂದೊಂದೇ ಜೋಡಿ ಹೋಗ್ತಾ ಬರ್ತದೆ. ನಿಮ್ಮ ಹೊಸ ಜೋಡಿಯೂ ಅದರೊಳಗಿಂದಲೇ ಬರೋದು. ಇವತ್ತಿನ ಲೂಪ್ ಎಷ್ಟು, ಬರೆದಿಟ್ಟಿದ್ದೀರಾ?

ತೋಟದಮನೆ

ಬರೆದಿದ್ದೇನೆ, 458 ಓಮ್. ರೋಸೆಟ್ ಮುಚ್ಚಳದ ಒಳಗೇ ಪೆನ್ಸಿಲಿನಲ್ಲಿ.

ಹಳೇ ಜಾಯಿಂಟರ್

ಸರಿ. ಅಟೆನ್ಯುಯೇಶನ್ ಮಾತ್ರ ನೀವೇ ಆಗಾಗ ನೋಡ್ತಾ ಇರಿ, ಅದಕ್ಕೆ ಯಾರನ್ನೂ ಕರೆಯೋದು ಬೇಡ. 38, 39 ಅಂತ ಏರೋಕೆ ಶುರುವಾದರೆ ನೆಟ್ ಕೆಡೋ ತನಕ ಕಾಯಬೇಡಿ, ದೂರು ಹಾಕಿ. ಡಿಪಿಯ ಉಳಿದ ಮನೆಯವರ ಹೆಸರೂ ಸೇರಿಸಿ. ಒಂದು ಮನೆಗೆ ಅಗೆಯಲ್ಲ, ಐದಾರು ಮನೆ ಅಂದರೆ ಅಗೀತಾರೆ.

ಫೈಬರ್‌ಪ್ರಿಯ

ಅಷ್ಟು ಹೊತ್ತಿಗೆ ಫೈಬರ್ ಬಂದಿರುತ್ತೆ ಬಿಡಿ. 😄 ಆದರೂ ಅಂಗಡಿ ವೈರಿನ ಲೆಕ್ಕ ಚೆನ್ನಾಗಿತ್ತು.

ಮಂಜ್ರಾಬಾದ್

ನಮ್ಮ ಕಥೆ ಮುಗಿಸ್ತೀನಿ. ಪಕ್ಕದ ತೋಟದವರಿಗೆ ಹೇಳಿ ರಾತ್ರಿ ಕಾಲು ಗಂಟೆ ಬೇಲಿ ಆಫ್ ಮಾಡಿಸಿದೆ. ಆ 15 ನಿಮಿಷದ ಲೆಕ್ಕದಲ್ಲಿ ಎರರ್ಡ್ ಸೆಕೆಂಡ್ ಸೊನ್ನೆ! ಬೇಲಿ ಶಾಶ್ವತವಾಗಿ ಆಫ್ ಮಾಡಿ ಅನ್ನೋಕೆ ಆಗಲ್ಲ, ಆನೆ ನಮಗೂ ಬರುತ್ತೆ. ಏನು ಮಾಡೋದು?

ಟೋನ್‌ಮ್ಯಾಪ್

ಟೆಸ್ಟರಿನಲ್ಲೋ ಮೋಡೆಮ್ ಪುಟದಲ್ಲೋ ಲೈನ್ ಫಾಸ್ಟ್ ಅಂತಿದೆಯಾ, ಇಂಟರ್‌ಲೀವ್ಡ್ ಅಂತಿದೆಯಾ ನೋಡಿ. ಫಾಸ್ಟ್ ಇದ್ದರೆ ಇಂಟರ್‌ಲೀವ್ ಮಾಡಿಕೊಡಿ ಅಂತ ಎಕ್ಸ್‌ಚೇಂಜಿನವರನ್ನು ಕೇಳಿ. ಡೇಟಾವನ್ನು ಚದುರಿಸಿ ಕಳಿಸುವುದರಿಂದ ಒಂದು ಹೊಡೆತಕ್ಕೆ ಸಿಕ್ಕಿದ ತುಂಡನ್ನು ಮೋಡೆಮ್ ತಾನೇ ಸರಿಪಡಿಸಿಕೊಳ್ಳುತ್ತೆ. ಪಿಂಗ್ ಸ್ವಲ್ಪ ಏರುತ್ತೆ. ಆಟ ಆಡೋ ಹುಡುಗರು ಮನೆಯಲ್ಲಿದ್ದರೆ ಗೊಣಗ್ತಾರೆ, ಅಷ್ಟೇ.

ಹಳೇ ಜಾಯಿಂಟರ್

ಅದಕ್ಕೆ ಮುಂಚೆ ಬೇಲಿ ಪೂರ್ತಿ ಒಂದು ಸುತ್ತು ನಡೆದು ಬನ್ನಿ. ಹಸಿ ಬಳ್ಳಿ, ಕೊಂಬೆ ತಂತಿಗೆ ತಾಗಿದ್ದರೆ ಅಲ್ಲಿ ಕಿಡಿ ಹಾರ್ತಿರ್ತದೆ, ರಾತ್ರಿ ಟಾರ್ಚ್ ಆರಿಸಿ ನಿಂತರೆ ಕಣ್ಣಿಗೇ ಕಾಣ್ತದೆ. ಆ ಕಿಡಿಯೇ ಹೆಚ್ಚು ಗದ್ದಲ. ಬಳ್ಳಿ ಸವರಿ, ಒಡೆದ ಇನ್ಸುಲೇಟರ್ ಬದಲಿಸಿ. ಬೇಲಿ ಮೆಷಿನ್ನಿನ ಅರ್ತ್ ರಾಡ್, ಮನೆ ಕರೆಂಟಿನ ಅರ್ತ್‌ನಿಂದ, ಫೋನಿನ ಅರ್ತ್‌ನಿಂದ ಕನಿಷ್ಠ 10 ಮೀಟರ್ ದೂರ ಇರಲಿ. ಬೇಲಿ ತಂತಿ ನಿಮ್ಮ ಫೋನ್ ವೈರಿನ ಜೊತೆಜೊತೆಗೆ ಓಡಬಾರದು. ಅಡ್ಡ ದಾಟಲೇಬೇಕಂದ್ರೆ ನೇರ ಅಡ್ಡ ದಾಟಲಿ.

ಮಂಜ್ರಾಬಾದ್

ಫೋನ್ ಕಂಬಕ್ಕೇ ಬೇಲಿ ಇನ್ಸುಲೇಟರ್ ಹೊಡೆದಿದ್ದಾರೆ ಸಾರ್, ಎರಡು ಕಂಬದಷ್ಟು ದೂರ. ನಾಳೆ ಬೆಳಿಗ್ಗೆ ಅವರನ್ನೂ ಕರ್ಕೊಂಡು ಹೋಗ್ತೀನಿ.